ನಾಲ್ಕು ದೇಶಗಳಿಗೆ ಒಂದೇ ಬರ್ಫು

ರತ್ನದೀಪ ಐಟಿಐ ಸೇರಲು ಬಸವಕಲ್ಯಾಣಕ್ಕೆ ಹೋದ ದಿನ ಎಲೆಕ್ಟ್ರಿಷಿಯನ್ ಸೀಟುಗಳೆಲ್ಲ ತುಂಬಿದ್ದವು. ಫಿಟ್ಟರ್ ವಿಭಾಗವೂ ಮುಗಿದಿತ್ತು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತರು ಪಟ್ಟಿಯ ಮೇಲೆ ಬೆರಳಾಡಿಸಿ, "ಫ್ರಿಜ್ ರಿಪೇರಿ ಒಂದೇ ಉಳದದ ನೋಡಪ, ಬೇಕಂದ್ರ ಹೆಸರು ಬರಸು," ಎಂದರು. ಹಿಂದೆ ನಿಂತಿದ್ದ ಅಪ್ಪ ಉತ್ತಮನಿಗೆ ಅದು ಸರಿಬರಲಿಲ್ಲ.

"ನಮ್ಮೂರಾಗ ಇರೋವೇ ಮೂರು ಫ್ರಿಜ್. ಅವು ಕೆಡೂ ತನಕ ನೀ ಏನ್ ಮಾಡಾಂವ?"

ರತ್ನದೀಪ ಹೆಸರು ಬರೆಸಿದ. ವಾಪಸು ಹೋಗಿ ಮುಂದಿನ ವರ್ಷದವರೆಗೆ ಕೂಲಿಗೆ ನಿಲ್ಲುವುದಕ್ಕಿಂತ ಇದು ವಾಸಿ ಎಂಬುದಷ್ಟೇ ಅವನ ತಲೆಯಲ್ಲಿತ್ತು. ಗೋರ್ಟಾ ಕಡೆಯ ಸಣ್ಣ ಹಳ್ಳಿಯಲ್ಲಿ ಅವನ ಅಪ್ಪ, ಅವ್ವ ಇಬ್ಬರೂ ಬೇರೆಯವರ ಹೊಲಕ್ಕೆ ಹೋಗುವವರು. ಸ್ವಂತದ್ದು ಅಂತ ಒಂದೂವರೆ ಎಕರೆಯಲ್ಲಿ ತೊಗರಿ ಬೆಳೆಯುತ್ತಿದ್ದರು. ಮನೆಯ ನಡುಗೋಡೆಯಲ್ಲಿ ಬಾಬಾಸಾಹೇಬರ ಫೋಟೋ, ಅದರ ಪಕ್ಕದಲ್ಲಿ ಬುದ್ಧನ ಚಿಕ್ಕ ಪ್ರತಿಮೆ. ಓದು ಬಿಡಬಾರದು ಎಂಬ ಒಂದು ಮಾತಿನಲ್ಲಿ ಮಾತ್ರ ಆ ಮನೆಯಲ್ಲಿ ಎರಡು ಅಭಿಪ್ರಾಯ ಇರಲಿಲ್ಲ.

ಐಟಿಐ ಮುಗಿದ ಮೇಲೆ ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಫ್ರಿಜ್ಜುಗಳಿರಲಿಲ್ಲ. ಫ್ರಿಜ್ಜಿನ ಅಜ್ಜನಂಥ ಯಂತ್ರಗಳಿದ್ದವು. ಔಷಧಕ್ಕೆಂದು ರಾಸಾಯನಿಕಗಳನ್ನು ಕೂಡಿಸುವಾಗ ದೊಡ್ಡ ಹಂಡೆಗಳು ಕುದಿದೇಳುತ್ತಿದ್ದವು. ಅವುಗಳನ್ನು ತಣಿಸಲು, ಮೈನಸ್ ಹದಿನೈದರಲ್ಲೂ ಹೆಪ್ಪುಗಟ್ಟದ ದಟ್ಟ ಉಪ್ಪುನೀರನ್ನು ಪೈಪುಗಳಲ್ಲಿ ಸುತ್ತಿಸುತ್ತಿದ್ದರು. ಅದಕ್ಕೆ ಬ್ರೈನ್ ಎನ್ನುತ್ತಿದ್ದರು. ಎರಡು ಡಿಗ್ರಿ ಹೆಚ್ಚುಕಡಿಮೆಯಾದರೆ ಒಂದು ಬ್ಯಾಚು ಪೂರಾ ಹಾಳು. ಒಂಬತ್ತು ವರ್ಷ ರತ್ನದೀಪ ಆ ಎರಡು ಡಿಗ್ರಿಗಳನ್ನು ಕಾಯ್ದ. ಹೊರಗೆ ಏಪ್ರಿಲ್ ಬಿಸಿಲಿನಲ್ಲಿ ಡಾಂಬರು ಕರಗುತ್ತಿದ್ದಾಗ ಅವನ ಕೈಕೆಳಗಿನ ಪೈಪುಗಳ ಮೇಲೆ ಬಿಳಿ ಹಿಮ ಕೂತಿರುತ್ತಿತ್ತು.

ಮೂರು ವರ್ಷಗಳ ಹಿಂದೆ ಹೈದರಾಬಾದಿಗೆ ಇತ್ತಕಡೆ, ಹೆದ್ದಾರಿಯ ಪಕ್ಕದಲ್ಲೇ, ದೊಡ್ಡದೊಂದು ಐಸ್ ರಿಂಕ್ ಕಟ್ಟಲು ಶುರುಮಾಡಿದರು. ಒಳಾಂಗಣದಲ್ಲಿ ನೆಲಕ್ಕೆಲ್ಲ ಮಂಜುಗಡ್ಡೆ ಹಾಸಿ, ಅದರ ಮೇಲೆ ಜನ ಸ್ಕೇಟ್ ಕಟ್ಟಿಕೊಂಡು ಜಾರುವ, ಹಾಕಿ ಆಡುವ ಜಾಗ. ಯಂತ್ರಗಳನ್ನು ಪೂರೈಸಿದ ಕಂಪನಿಯವರೇ ರತ್ನದೀಪನ ಹೆಸರು ಹೇಳಿದ್ದರು. ರಿಂಕಿನ ಮ್ಯಾನೇಜರು ಕೇಳಿದರು: "ಐಸ್ ರಿಂಕ್ ನೋಡಿದೀಯಾ?"

"ಇಲ್ಲ ಸಾರ್. ಮೈನಸ್ ಹದಿನೈದು ಡಿಗ್ರಿ ದಿನಾ ನೋಡಿದೀನಿ."

ಕೆಲಸ ಸಿಕ್ಕಿತು. ಊರಿಗೆ ಬಂದು ಹೇಳಿದಾಗ ಅವ್ವ ದ್ರೌಪತಿ ಅವನ ಮುಖವನ್ನೇ ನೋಡಿದಳು.

"ಅಷ್ಟು ದೊಡ್ಡ ಕಾರ್ಖಾನಿ ಬಿಟ್ಟು ಬರ್ಫ್ ಮಾರಾಕ ಹೊಂಟೀಯೇನಪ?"

"ಮಾರೂದಲ್ಲ ಅವ್ವ, ಹಾಸೂದು."

"ಹಾಸೂದಂದ್ರ?"

"ನೀ ಕಣ ಸಾರಸ್ತೀಯಲ್ಲ, ಹಾಂಗ. ತೆಳ್ಳಗ ಒಂದು ಪದರು, ಅದು ಗಟ್ಟಿ ಆದ ಮ್ಯಾಲ ಇನ್ನೊಂದು."

ಕಣ ಸಾರಿಸುವ ಕೆಲಸ ಅವಳಿಗೆ ಗೊತ್ತಿದ್ದದ್ದು. ಅವಸರ ಮಾಡಿದರೆ ಬಿರುಕು ಬಿಡುತ್ತದೆ ಎಂಬುದೂ ಗೊತ್ತಿತ್ತು. ಅವಳು ಹೂಂ ಅಂದಳು.

ಮಂಜು ಹಾಸುವುದನ್ನು ಕಲಿಸಲು ಫಿನ್ಲೆಂಡಿನಿಂದ ಒಬ್ಬ ಹಿರಿಯ ಬಂದು ಹದಿನೈದು ದಿನ ಇದ್ದ. ನೆಲದಡಿಯ ಪೈಪುಗಳಲ್ಲಿ ಬ್ರೈನ್ ಓಡುತ್ತಿರಬೇಕು. ಮೇಲಿನಿಂದ ನೀರನ್ನು ಇಬ್ಬನಿಯಂತೆ ಸಿಂಪಡಿಸಬೇಕು, ಅದು ಹಿಡಿದ ಮೇಲೆ ಮತ್ತೆ ಸಿಂಪಡಿಸಬೇಕು. ನಡುವೆ ಬಿಳಿ ಬಣ್ಣ, ಅದರ ಮೇಲೆ ಕೆಂಪು, ನೀಲಿ ಗೆರೆ. ನಾಲ್ಕು ಸೆಂಟಿಮೀಟರ್ ದಪ್ಪ ಆಗುವಷ್ಟರಲ್ಲಿ ನೂರಾರು ಪದರುಗಳಾಗುತ್ತವೆ. ಹಿರಿಯ ಹೇಳಿದಂತೆಯೇ ಮಾಡಿದರೂ ಮೊದಲ ಸಲದ ಮಂಜು ಹಳಸಿದ ಮಜ್ಜಿಗೆಯಂತೆ ಮಸುಕಾಗಿ, ತುಂಡು ತುಂಡಾಗಿ ಎದ್ದುಬಂತು. ಹಿರಿಯ ತಲೆ ಕೆರೆದುಕೊಂಡು ಊರಿಗೆ ಹೋದ. ರತ್ನದೀಪ ಬೋರ್‌ವೆಲ್ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದ. ಔಷಧ ಕಾರ್ಖಾನೆಯಲ್ಲಿದ್ದವನಿಗೆ ಮೊದಲು ಅನುಮಾನ ಬರುವುದು ನೀರಿನ ಮೇಲೆಯೇ. ನೀರು ಸುಣ್ಣ ತುಂಬಿ ಗಡಸಾಗಿತ್ತು. ನೀರನ್ನು ಶುದ್ಧ ಮಾಡುವ ಘಟಕ ಹಾಕಿಸಿ, ಇಡೀ ನೆಲ ಕೆತ್ತಿ ತೆಗೆಸಿ, ಮತ್ತೆ ಒಂಬತ್ತು ದಿನ ಹಾಸಿದ. ಈ ಸಲ ಮಂಜಿನ ಕೆಳಗಿನ ಗೆರೆಗಳು ಗಾಜಿನ ಅಡಿ ಕಂಡಂತೆ ಕಂಡವು.

ಆ ರಿಂಕಿಗೆ ಈ ವರ್ಷ ಒಂದು ಅಂತರರಾಷ್ಟ್ರೀಯ ಟೂರ್ನಿ ಬಂತು. ಮಹಿಳೆಯರ ಐಸ್ ಹಾಕಿಯ ಅರ್ಹತಾ ಸುತ್ತು, ಏಪ್ರಿಲ್ ಹದಿನೇಳಕ್ಕೆ ಶುರು. ಅದಕ್ಕೆ ಮೂರು ದಿನ ಮೊದಲು, ಏಪ್ರಿಲ್ ಹದಿನಾಲ್ಕರ ಬೆಳಿಗ್ಗೆ, ಬ್ರೈನ್ ಪಂಪು ಸೋರತೊಡಗಿತು.

ಪಂಪುಗಳು ಎರಡಿದ್ದವು. ಎರಡನೆಯದು ತಿಂಗಳ ಹಿಂದೆಯೇ ಕೆಟ್ಟು, ಅದರ ಬಿಡಿಭಾಗ ಹೊರದೇಶದಿಂದ ಬರಬೇಕಾಗಿತ್ತು. ಬಂದರಿನಲ್ಲಿ ಎಲ್ಲೋ ಸಿಕ್ಕಿಬಿದ್ದಿತ್ತು. ಈಗ ಓಡುತ್ತಿದ್ದ ಒಂದೇ ಪಂಪಿನ ಬುಡದಲ್ಲಿ ಉಪ್ಪುನೀರಿನ ಮಡು ನಿಂತಿತ್ತು. ರತ್ನದೀಪ ಅದರ ವೇಗವನ್ನು ಅರ್ಧಕ್ಕೆ ಇಳಿಸಿದ. ಪೂರಾ ನಿಂತರೆ ಸಂಜೆಯೊಳಗೆ ಮಂಜಿನ ಅಂಗಳ ಕೆರೆಯಾಗುತ್ತಿತ್ತು.

ಮ್ಯಾನೇಜರು ಪಂಪಿನ ಕಂಪನಿಗೆ ಫೋನು ಹಚ್ಚಿದರು. ಅಂದು ಸರಕಾರಿ ರಜೆ. ಹೈದರಾಬಾದಿನ ಕಾರ್ಯಾಗಾರಗಳೂ ಮುಚ್ಚಿದ್ದವು. ಒಬ್ಬರು ಮಾತ್ರ ಫೋನೆತ್ತಿ, ತಂದು ಇಡಿ, ನಾಲ್ಕು ದಿನದಲ್ಲಿ ನೋಡೋಣ ಎಂದರು.

ರತ್ನದೀಪ ಕೆಟ್ಟ ಪಂಪನ್ನು ಬಿಚ್ಚಿ ಅದರೊಳಗೆ ತಿರುಗುವ ಶಾಫ್ಟನ್ನು ಹೊರಗೆ ತೆಗೆದ. ಶಾಫ್ಟಿಗೆ ಅಂಗಿಯ ತೋಳಿನಂತೆ ತೊಡಿಸುವ ಉಕ್ಕಿನ ಕೊಳವೆ ಉಂಗುರ ಉಂಗುರವಾಗಿ ಸವೆದಿತ್ತು. ಅಂಥ ತೋಳನ್ನು ಅವನು ಹಿಂದೆ ಎರಡು ಸಲ ನೋಡಿದ್ದ. ಹುಮನಾಬಾದಿನ ಕಾರ್ಖಾನೆಯಲ್ಲಿ ಇದೇ ಕಂಪನಿಯ ಪಂಪು ಇತ್ತು. ಎರಡೂ ಸಲ ಹೊಸ ತೋಳು ಮಾಡಿಕೊಟ್ಟವರು ಕಬ್ಬಿಣ ಕಡೆಯುವ ಲೇತ್ ಅಂಗಡಿಯ ಮೊಹಿನುದ್ದೀನ್ ಚಾಚಾ.

"ಹುಮನಾಬಾದಿಗೆ ಹೋಗಿ ಬರ್ತೀನಿ ಸಾರ್. ಎರಡೂವರೆ ತಾಸಿನ ದಾರಿ."

ಮ್ಯಾನೇಜರು ನಂಬಲೋ ಬೇಡವೋ ಎಂಬಂತೆ ನಿಂತರು. ಬೇರೆ ದಾರಿ ಇರಲಿಲ್ಲ. ಜೊತೆಯ ಆಪರೇಟರ್ ಗೌಹರಳಿಗೆ ರತ್ನದೀಪ ಪಂಪನ್ನು ಒಪ್ಪಿಸಿದ. ಆಕೆ ಜಹೀರಾಬಾದಿನವಳು, ಡಿಪ್ಲೊಮಾ ಓದಿದವಳು, ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳುವವಳಲ್ಲ. ದೀಪಗಳನ್ನೆಲ್ಲ ಆರಿಸಿ, ಬಾಗಿಲು ಮುಚ್ಚಿಸಿ, ತಾಸಿಗೊಮ್ಮೆ ಮಂಜಿನ ಉಷ್ಣತೆ ಹೇಳು ಅಂದ. ಶಾಫ್ಟನ್ನು ಗೋಣಿತಟ್ಟಿನಲ್ಲಿ ಸುತ್ತಿ ರಿಂಕಿನ ಜೀಪಿನಲ್ಲಿ ಹಾಕಿಕೊಂಡು ಹೊರಟ. ಆಗ ಮಂಜು ಮೈನಸ್ ಐದು.

ದಾರಿಯಲ್ಲಿ ಅವ್ವನಿಗೆ ಫೋನು ಮಾಡಿದ. ಬಾಬಾಸಾಹೇಬರ ಜಯಂತಿಗೆ ಅವನು ಊರಿನಲ್ಲಿ ಇಲ್ಲದ ವರ್ಷ ಇದೇ ಮೊದಲು. ಟೂರ್ನಿಯ ಕಾರಣಕ್ಕೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದ. ಈಗ ಹುಮನಾಬಾದಿಗೆ, ಚಾಚಾರ ಅಂಗಡಿಗೆ ಬರುತ್ತಿದ್ದೇನೆ, ಆದರೆ ಊರಿಗೆ ಬರಲಾಗದು ಎಂದ.

"ನೀ ಬರಬ್ಯಾಡ," ಅಂದಳು ದ್ರೌಪತಿ. "ನಾವೇ ಬರ್ತೀವಿ."

ಹುಮನಾಬಾದ್ ತಲುಪಿದಾಗ ಹನ್ನೊಂದು ದಾಟಿತ್ತು. ಚೌಕಿನ ತುಂಬ ನೀಲಿ ಬಾವುಟ. ಚಾಚಾರ ಅಂಗಡಿಗೆ ಬೀಗ. ಮನೆಗೆ ಹೋದರೆ ಅವರು ಆಗತಾನೆ ಊಟಕ್ಕೆ ಕೂತಿದ್ದರು. ಅರವತ್ತೈದರ ವಯಸ್ಸು, ಗೋರಂಟಿ ಹಚ್ಚಿದ ಗಡ್ಡ. ರತ್ನದೀಪ ಗೋಣಿತಟ್ಟು ಬಿಚ್ಚಿ ತೋರಿಸಿದ.

"ಇದು ಫ್ಯಾಕ್ಟರಿದಲ್ಲ," ಎಂದರು ಚಾಚಾ, ಮುಟ್ಟುವ ಮೊದಲೇ.

"ಅಲ್ರಿ ಚಾಚಾ. ಬರ್ಫ್ ಮ್ಯಾಲ ಹಾಕಿ ಆಡ್ತಾರ್ರಿ, ಅಲ್ಲಿದು. ಹದಿನೇಳಕ್ಕ ನಾಲ್ಕು ದೇಶದವರು ಬರಾಕತ್ತಾರ. ಇದು ಇಲ್ಲಂದ್ರ ಬರ್ಫ್ ನಿಲ್ಲಂಗಿಲ್ಲ."

"ನಾಲ್ಕು ದೇಶ?"

"ಹೌದ್ರಿ."

ಚಾಚಾ ತಟ್ಟೆ ಬದಿಗೆ ಸರಿಸಿ ಕೈ ತೊಳೆದರು. "ನಡಿ ಬೇಟಾ. ಊಟ ಎಲ್ಲಿ ಓಡಿ ಹೋಗ್ತದ."

ಅಂಗಡಿ ತೆರೆದು, ಉಕ್ಕಿನ ಸರಳು ಆರಿಸಿ, ಲೇತಿಗೆ ಕಟ್ಟಿದರು. ಉಕ್ಕಿನ ಸುರುಳಿಗಳು ಕೆಳಗೆ ಉದುರತೊಡಗಿದವು. ಹೊರಗಿನ ಅಳತೆ ಬಹುತೇಕ ಬಂದಿತ್ತು. ಒಳಗಿನ ರಂಧ್ರ ಕೊರೆಯುವುದು ಬಾಕಿ ಇತ್ತು. ಅಷ್ಟರಲ್ಲಿ ಕರೆಂಟು ಹೋಯಿತು.

ಮೆರವಣಿಗೆ ಮಧ್ಯಾಹ್ನವೇ ಹೊರಟಿತ್ತು. ಎತ್ತರದ ರಥದ ವಾಹನಗಳು ತಂತಿಗೆ ತಗಲಬಾರದೆಂದು ಅದು ಹಾದುಹೋಗುವವರೆಗೆ ಲೈನು ತೆಗೆದಿದ್ದರು. ಎರಡು ತಾಸಾದರೂ ಆಗುತ್ತದೆ ಎಂದರು ಪಕ್ಕದ ಅಂಗಡಿಯವರು. ಫೋನು ಬಂತು.

"ರತ್ನಭಾಯ್, ಮೈನಸ್ ನಾಲ್ಕೂವರೆ," ಎಂದಳು ಗೌಹರ.

ರತ್ನದೀಪ ರಸ್ತೆಯ ತುದಿಗೆ ಬಂದು ನಿಂತ. ಡೋಲು, ನೀಲಿ ಗುಲಾಲು, ಬಿಳಿ ಸೀರೆಯುಟ್ಟ ಹೆಂಗಸರ ಸಾಲು. ತಾನು ಹುಟ್ಟಿದಾಗಿನಿಂದ ಜಯಂತಿಯ ಮೆರವಣಿಗೆ ಇನ್ನಷ್ಟು ಹೊತ್ತು ನಡೆಯಲಿ ಎಂದೇ ಬಯಸಿದವನು ಅವನು. ಇವತ್ತು ಬೇಗ ಮುಗಿಯಲಿ ಎಂದು ಮನಸ್ಸು ಅಂದಿತು. ಹಾಗೆ ಅಂದದ್ದಕ್ಕೆ ಅವನಿಗೇ ನಾಚಿಕೆಯಾಗಿ, ಬಾಬಾಸಾಹೇಬರ ಫೋಟೋ ಹೊತ್ತು ಬಂದ ವಾಹನಕ್ಕೆ ಎರಡೂ ಕೈ ಜೋಡಿಸಿದ. ಆ ಸಾಲಿನಿಂದಲೇ ಅವ್ವ ಮತ್ತು ಹೆಂಡತಿ ಮಯೂರಿ ಬುತ್ತಿ ಹಿಡಿದುಕೊಂಡು ಹೊರಬಂದರು. ಬಸ್ಸು ಮುಂದೆ ಬಿಡದ್ದಕ್ಕೆ ಇಳಿದು ಮೆರವಣಿಗೆಯ ಜೊತೆಗೇ ನಡೆದಿದ್ದರು. ಇಬ್ಬರ ಹಣೆಯ ಮೇಲೂ ನೀಲಿ ಗುಲಾಲು.

ಕತ್ತಲು ಕವಿದ ಲೇತ್ ಅಂಗಡಿಯಲ್ಲಿ ಎಲ್ಲರೂ ಊಟಕ್ಕೆ ಕೂತರು. ಜೋಳದ ರೊಟ್ಟಿ, ಪುಂಡಿಪಲ್ಯ, ಜಯಂತಿಯ ಗೋಧಿ ಹುಗ್ಗಿ. ಚಾಚಾ ಎರಡು ಸಲ ಹುಗ್ಗಿ ಹಾಕಿಸಿಕೊಂಡರು. ಬಸವಕಲ್ಯಾಣದ ಅಂಗನವಾಡಿಯಲ್ಲಿ ಕೆಲಸ ಮಾಡುವ ಮಯೂರಿ ಆ ದಿನದ ಪತ್ರಿಕೆಯನ್ನು ಚೀಲದಲ್ಲಿ ತಂದಿದ್ದಳು. ಕ್ರೀಡಾಪುಟದ ಕೆಳಗಿನ ಮೂಲೆಯಲ್ಲಿ ಟೂರ್ನಿಯ ಬಗ್ಗೆ ಬರೆದಿದ್ದರು.

"ಓದವ್ವ, ನಾನೂ ಕೇಳ್ತೀನಿ," ಎಂದರು ಚಾಚಾ.

ಮಯೂರಿ ಬಾಗಿಲ ಬೆಳಕಿಗೆ ಸರಿದು ಓದಿದಳು. ಭಾರತ, ಕುವೈತ್, ಮಲೇಷ್ಯಾ, ಇಂಡೋನೇಷ್ಯಾ, ನಾಲ್ಕು ತಂಡಗಳು. ಪ್ರತಿ ತಂಡವೂ ಉಳಿದ ಮೂರರ ಜೊತೆ ಒಮ್ಮೊಮ್ಮೆ ಆಡುತ್ತದೆ. ಗೆದ್ದ ತಂಡಕ್ಕೆ ಒಂದು ಮೆಟ್ಟಿಲು ಮೇಲಿನ ದರ್ಜೆಯಲ್ಲಿ ಆಡುವ ಅವಕಾಶ. ಭಾರತದ ಆಟಗಾರ್ತಿಯರಲ್ಲಿ ಹೆಚ್ಚಿನವರು ಲಡಾಖಿನವರು, ಓಟ ಚುರುಕು, ಆದರೆ ಒಳಾಂಗಣದ ಅಭ್ಯಾಸ ಕಡಿಮೆ. ಮಲೇಷ್ಯಾದವರ ಗೋಲ್‌ಕೀಪರ್ ಗಟ್ಟಿ. ಕುವೈತಿನವರು ವರ್ಷವಿಡೀ ರಿಂಕಿನಲ್ಲೇ ಆಡುವವರು.

"ಅಂದ್ರ ಇದು ವರ್ಲ್ಡ್ ಕಪ್ ಅಲ್ಲ?" ಎಂದರು ಚಾಚಾ.

"ಅಲ್ರಿ," ಎಂದ ರತ್ನದೀಪ. "ಅದಕ್ಕಿನ್ನೂ ಭಾಳ ಮೆಟ್ಟಲ ಅವ. ಇವರು ತಳದಾಗಿನವರು. ತಳದಾಗಿಂದ ಮೊದಲನೇ ಮೆಟ್ಟಲ ಹತ್ತಾಕ ಆಡೂದು ಇದು."

"ತಳದಾಗಿಂದ ಮೊದಲನೇ ಮೆಟ್ಟಲ ಹತ್ತೂದೇ ಭಾಳ ಕಠಿಣ ಇರ್ತದ," ಎಂದಳು ದ್ರೌಪತಿ. "ಮುಂದಿನವು ಹ್ಯಾಂಗರ ಹತ್ತಬಹುದು." ಆಮೇಲೆ ಸೊಸೆಯ ಕಡೆ ತಿರುಗಿದಳು. "ಅದ್ರಾಗ ಇವನ ಹೆಸರು ಅದ ಏನು?"

"ಇಲ್ರಿ ಅತ್ತಿ."

"ನನ್ನ ಹೆಸರು ಯಾಕ ಇರ್ತದ ಅವ್ವ? ಆಡೋರ್ದು ಬರೀತಾರ."

ದ್ರೌಪತಿ ಪತ್ರಿಕೆ ತೆಗೆದುಕೊಂಡು ನಾಲ್ಕಾಗಿ ಮಡಿಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.

ಮೈನಸ್ ನಾಲ್ಕು ಎಂದು ಫೋನು ಬಂತು. ಮುಂದಿನ ಫೋನು ಮೂರೂವರೆ ಅಂದಿತು. ಮೈನಸ್ ಎರಡಕ್ಕೆ ಬಂದರೆ ಮೇಲಿನ ಪದರು ಮೆತ್ತಗಾಗಿ, ಬಣ್ಣದ ಗೆರೆಗಳು ಹರಡುತ್ತವೆ. ಮತ್ತೆ ಹಾಸಲು ದಿನಗಳಿಲ್ಲ. ರತ್ನದೀಪ ಎದ್ದು ಲೇತಿನ ಕೆಳಗಿನ ಉಕ್ಕಿನ ಸುರುಳಿಗಳನ್ನೆಲ್ಲ ಗುಡಿಸಿದ.

ಮೂರು ಗಂಟೆಗೆ ಕರೆಂಟು ಬಂತು. ಚಾಚಾ ಕನ್ನಡಕ ಒರೆಸಿಕೊಂಡು ಎದ್ದರು. ರಂಧ್ರ ಕೊರೆದರು, ಅಳೆದರು, ಕೂದಲೆಳೆಯಷ್ಟು ತೆಗೆದರು, ಮತ್ತೆ ಅಳೆದರು. ಕೊನೆಗೆ ತೋಳನ್ನು ಬಿಸಿ ಮಾಡಿ ಶಾಫ್ಟಿನ ಮೇಲೆ ಇಳಿಸಿದರು. ಅದು ಒಂದೇ ಸಲಕ್ಕೆ ಹೋಗಿ ತನ್ನ ಜಾಗದಲ್ಲಿ ಕೂತಿತು.

"ತಗೊಂಡು ಹೋಗು. ಕೆಟ್ಟಿತಂದ್ರ ನನ್ನ ಹೆಸರು ಹೇಳು," ಎಂದರು.

"ಕೆಡಲಿಲ್ಲಂದ್ರ?"

"ಆವಾಗೂ ಹೇಳು."

ರತ್ನದೀಪ ಅವ್ವನ ಕಾಲು ಮುಟ್ಟಿ, ಜೈ ಭೀಮ್ ಹೇಳಿ, ಜೀಪು ಹತ್ತಿದ. ಏಳು ಗಂಟೆಗೆ ರಿಂಕು ತಲುಪಿದಾಗ ಮಂಜು ಮೈನಸ್ ಎರಡೂವರೆಗೆ ಬಂದಿತ್ತು. ಗೌಹರ ಸೋರುವ ಪಂಪಿನ ಮುಂದೆ ಸ್ಟೂಲು ಹಾಕಿಕೊಂಡು, ಪಕ್ಕದಲ್ಲಿ ನಾಲ್ಕು ಬಕೆಟ್ ಸಾಲಾಗಿಟ್ಟುಕೊಂಡು ಕೂತಿದ್ದಳು. ಇಬ್ಬರೂ ಸೇರಿ ಶಾಫ್ಟು ಏರಿಸಿ, ಸೋರಿಕೆ ತಡೆಯುವ ಹೊಸ ಸೀಲು ಕೂರಿಸಿ, ಎರಡನೆಯ ಪಂಪು ಚಾಲೂ ಮಾಡಿದರು. ಒಂದು ಹನಿಯೂ ಸೋರಲಿಲ್ಲ. ಮರುದಿನ ಬೆಳಗಿನ ಚಹಾದ ಹೊತ್ತಿಗೆ ಮಂಜು ಮೈನಸ್ ಐದಕ್ಕೆ ಮರಳಿತ್ತು.

ಹದಿನಾರಕ್ಕೆ ತಪಾಸಣೆ. ಅಂತರರಾಷ್ಟ್ರೀಯ ಒಕ್ಕೂಟದಿಂದ ಬಂದ ಒಬ್ಬ ಹೆಂಗಸು ಅಂಗಳದ ಇಪ್ಪತ್ತು ಕಡೆ ಸಣ್ಣ ರಂಧ್ರ ಕೊರೆದು ದಪ್ಪ ಅಳೆದಳು. ಮೊಣಕಾಲೂರಿ ಗೆರೆಗಳನ್ನು ನೋಡಿದಳು. ಅಳತೆಗಳನ್ನು ಬರೆದುಕೊಂಡಳು. ಆಮೇಲೆ ಭಾರತ ತಂಡ ಅಭ್ಯಾಸಕ್ಕೆ ಇಳಿಯಿತು. ಲಡಾಖಿನ ನಾಯಕಿ ಎರಡು ಸುತ್ತು ಹೊಡೆದು, ಒಮ್ಮೆಲೇ ಅಡ್ಡ ತಿರುಗಿ ನಿಂತು, ತನ್ನ ಸ್ಕೇಟು ಕೊರೆದ ಗುರುತನ್ನು ಬಗ್ಗಿ ನೋಡಿದಳು. ಗೋಡೆಯ ಬಳಿ ನಿಂತಿದ್ದ ರತ್ನದೀಪನ ಹತ್ತಿರ ಬಂದು ಹಿಂದಿಯಲ್ಲಿ ಕೇಳಿದಳು.

"ಭೈಯಾ, ಇದನ್ನ ಮಾಡಿದ್ದು ನೀವಾ? ನಮ್ಮೂರಲ್ಲಿ ಕೆರೆ ಹೆಪ್ಪುಗಟ್ಟುವುದಕ್ಕೆ ಜನವರಿ ತನಕ ಕಾಯ್ತೀವಿ. ಅದೂ ಇಷ್ಟು ಸಮ ಇರಲ್ಲ."

"ನಿಮ್ಮೂರಿನದು ತಾನಾಗೇ ಆಗ್ತದೆ," ಎಂದ ರತ್ನದೀಪ. "ಇಲ್ಲಿ ನಾವು ಅದರ ಕಾಲು ಹಿಡೀಬೇಕು."

ಅವಳು ನಕ್ಕು, ಕೋಲಿನಿಂದ ಗೋಡೆಗೆ ಎರಡು ಸಲ ಬಡಿದು ಹೋದಳು. ಅವರ ಆಟದಲ್ಲಿ ಅದು ಶಹಬ್ಬಾಸ್ ಅನ್ನುವ ರೀತಿ ಎಂದು ಗೌಹರ ಆಮೇಲೆ ಹೇಳಿದಳು.

ಸಂಜೆ ಪತ್ರಿಕಾಗೋಷ್ಠಿ. ನಾಲ್ಕೂ ತಂಡದ ನಾಯಕಿಯರು ಸಾಲಾಗಿ ಕೂತಿದ್ದರು. ತಪಾಸಣೆಯ ಹೆಂಗಸನ್ನು ಯಾರೋ ಅಂಗಳದ ಬಗ್ಗೆ ಕೇಳಿದರು. ದಪ್ಪದಲ್ಲಿ ಎರಡು ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಎಲ್ಲಿಯೂ ಸಿಗಲಿಲ್ಲ, ಮೇಲಿನ ದರ್ಜೆಯ ಟೂರ್ನಿಗೂ ಈ ಮಂಜು ನಡೆಯುತ್ತದೆ ಎಂದಳು. ಇದನ್ನು ಹಾಸಿದವರು ಯಾರು ಎಂದು ಆಕೆಯೇ ಕೇಳಿದಳು. ಮ್ಯಾನೇಜರು ಹಿಂದಿನ ಗೋಡೆಗೆ ಒರಗಿ ನಿಂತಿದ್ದ ರತ್ನದೀಪನ ಕಡೆ ಕೈ ತೋರಿಸಿದರು. ತಲೆಗಳೆಲ್ಲ ತಿರುಗಿದವು.

ವರದಿಗಾರರ ನಡುವೆ ಹುಮನಾಬಾದಿನ ಪಂಡರಿ ಇದ್ದ. ಲೇತ್ ಅಂಗಡಿಯ ಸುದ್ದಿ ಕೇಳಿ, ಬಸ್ಸು ಹತ್ತಿ ಬಂದಿದ್ದ. ಅವನೇ ಎದ್ದು ಕನ್ನಡದಲ್ಲಿ ಕೇಳಿದ. "ನಿಮ್ಮ ಪ್ರಕಾರ ಯಾರು ಗೆಲ್ತಾರ್ರಿ?"

ರತ್ನದೀಪ ಗೋಡೆಯಿಂದ ಸರಿದು ಮುಂದೆ ಬಂದ.

"ಗೆಲ್ಲೂದು ಸೋಲೂದು ನನಗ ಗೊತ್ತಿಲ್ರಿ. ನಾಲ್ಕೂ ದೇಶಕ್ಕ ಬರ್ಫ್ ಒಂದೇ ಸಮ ಇರ್ತದ. ಮೊದಲನೇ ಆಟಕ್ಕ ಹ್ಯಾಂಗ ಇರ್ತದೋ ಕಡೀ ಆಟಕ್ಕೂ ಹಾಂಗೇ ಇರ್ತದ. ಅಷ್ಟು ನಾ ಹೇಳಬಲ್ಲೆ. ಮತ್ತ ಒಂದು ಬರ್ಕೋರಿ. ಇದರ ಪಂಪಿನ ಶಾಫ್ಟು ಹುಮನಾಬಾದಿನ ಮೊಹಿನುದ್ದೀನ್ ಚಾಚಾ ಸರಿ ಮಾಡಿದ್ದು."

ಯಾರೋ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಲಡಾಖಿನ ಹುಡುಗಿ ಮೇಜಿಗೆ ಎರಡು ಸಲ ಬಡಿದಳು. ಅವಳನ್ನು ನೋಡಿ ಉಳಿದ ಮೂವರೂ ಬಡಿದರು.

ಮರುದಿನ ಮಧ್ಯಾಹ್ನ ಹಳ್ಳಿಯಿಂದ ಒಂದು ಕ್ರೂಸರ್ ಜೀಪು ಬಂದು ರಿಂಕಿನ ಮುಂದೆ ನಿಂತಿತು. ಅಪ್ಪ, ಅವ್ವ, ಮಯೂರಿ, ಓಣಿಯ ನಾಲ್ಕೈದು ಮಂದಿ, ದಾರಿಯಲ್ಲಿ ಹತ್ತಿಸಿಕೊಂಡ ಚಾಚಾ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟವರು ಚಳಿಗೆ ತಟಕ್ಕನೆ ನಿಂತರು. ಚಾಚಾ ಅಂಗಳದ ಕಡೆ ನೋಡಲೇ ಇಲ್ಲ. ಪಂಪು ಎಲ್ಲಿ ಅಂದರು. ಗೌಹರ ಯಂತ್ರದ ಕೋಣೆಗೆ ಕರೆದೊಯ್ದಳು. ಅವರು ಪಂಪಿನ ಬುಡಕ್ಕೆ ಬೆರಳು ಹಚ್ಚಿ, ಬೆರಳು ಒದ್ದೆಯಾಗದ್ದು ಕಂಡು, ಕೋಟಿನ ಜೇಬಿಗೆ ಕೈ ಹಾಕಿಕೊಂಡು ಐದು ನಿಮಿಷ ಅದರ ಸದ್ದು ಕೇಳುತ್ತ ನಿಂತರು. "ಇನ್ನ ಆಟ ತೋರಿಸು," ಎಂದರು ಆಮೇಲೆ.

ಉತ್ತಮ ಮಾತ್ರ ಗೋಡೆಯ ಹತ್ತಿರ ಉಳಿದಿದ್ದ. ರತ್ನದೀಪ ಅಂಗಳದ ಬಾಗಿಲು ತೆರೆದು, "ಮುಟ್ಟಿ ನೋಡು ಅಪ್ಪ," ಎಂದ. ಉತ್ತಮ ಬಗ್ಗಿ ಅಂಗೈಯನ್ನು ಪೂರಾ ಮಂಜಿನ ಮೇಲೆ ಊರಿದ. ತೆಗೆಯಲು ಅವಸರ ಮಾಡಲಿಲ್ಲ. ತೆಗೆದ ಮೇಲೆ ಆ ಕೈಯನ್ನು ಧೋತರಕ್ಕೆ ಒರೆಸದೆ ಹಾಗೇ ಹಿಡಿದುಕೊಂಡು ಮಗನನ್ನು ನೋಡಿದ.

"ಇಷ್ಟು ದೊಡ್ಡ ಕಣ ನಮ್ಮ ಸೀಮಿಯೊಳಗ ಯಾರೂ ಸಾರಿಸಿಲ್ಲ," ಎಂದ.

ಮೊದಲ ಪಂದ್ಯ ಭಾರತ ಮತ್ತು ಕುವೈತಿನ ನಡುವೆ. ಆಟಕ್ಕೆ ಹತ್ತು ನಿಮಿಷ ಮೊದಲು ರತ್ನದೀಪ ಮಂಜು ಸಮಮಾಡುವ ಯಂತ್ರವನ್ನು ಹತ್ತಿ ಅಂಗಳಕ್ಕೆ ಇಳಿಸಿದ. ಯಂತ್ರದ ಅಡಿಯ ಅಲಗು ಮೇಲಿನ ಪದರನ್ನು ತುಸುವೇ ಹೆರೆದು, ಹಿಂದಿನಿಂದ ಬಿಸಿನೀರಿನ ತೆಳುಪೊರೆ ಬಿಡುತ್ತ ಸಾಗಿತು. ಪ್ರೇಕ್ಷಕರ ಸಾಲಿನಲ್ಲಿ ದ್ರೌಪತಿ ಕೌದಿ ಹೊದ್ದು ಕೂತಿದ್ದಳು. ಪಕ್ಕದಲ್ಲಿ ಪಂಡರಿ, ಆ ದಿನದ ಪತ್ರಿಕೆ ತೆರೆದು, ಪಂದ್ಯದ ಮುನ್ನೋಟದ ಕೆಳಗೆ ತಾನು ಬರೆದ ಎರಡು ಪ್ಯಾರಾಗಳನ್ನು ಅವಳಿಗೆ ಓದಿ ಹೇಳುತ್ತಿದ್ದ. ಅವಳು ಅರ್ಧಕ್ಕೇ ತಡೆದಳು.

"ಆಮ್ಯಾಲ ಓದಪ. ಈಗ ನೋಡೋಣು."

ರತ್ನದೀಪ ಅವರಿದ್ದ ಕಡೆ ತಿರುಗಲಿಲ್ಲ. ಮೂಲೆಯ ತಿರುವಿನಲ್ಲಿ ಗೋಡೆಗೆ ಒಂದು ಗೇಣು ಬಿಟ್ಟು ಯಂತ್ರ ಹೊರಳಿಸಬೇಕಿತ್ತು, ಕಣ್ಣೆಲ್ಲ ಅಲ್ಲಿತ್ತು. ಕೊನೆಯ ಪಟ್ಟಿ ಮುಗಿಸಿ ಬಾಗಿಲಿನಿಂದ ಹೊರಬಂದ. ಹಿಂದೆ ಇಡೀ ಅಂಗಳ ಒದ್ದೆಯಾಗಿ ಹೊಳೆದು, ನೋಡುನೋಡುತ್ತಿದ್ದಂತೆ ಗಟ್ಟಿಯಾಯಿತು. ಗೌಹರ ಬಾಗಿಲು ಹಾಕಿ ಚಿಲಕ ಎಳೆದಳು. ಎದುರಿನ ಬಾಗಿಲು ತೆರೆಯಿತು, ಎರಡೂ ತಂಡದ ಹುಡುಗಿಯರು ಒಬ್ಬೊಬ್ಬರಾಗಿ ಹೊಸ ಮಂಜಿನ ಮೇಲೆ ಕಾಲಿಟ್ಟರು.